ಮೂಲೆಗೆ ಮೂಲೆ

"ಅಕ್ಕಾ, ಮೇಲೆ ನೋಡೇ! ನಿನ್ನ ಅಕ್ಷರ ಎಷ್ಟು ಜೋರಾಗಿ ಕಾಣ್ತಾ ಇದೆ!" ಟಿಕೆಟ್ ಕಿಟಕಿಯೊಳಗಿಂದ ತಂಗಿ ಕೂಗಿದಳು.

ಅಕ್ಕ ತಲೆ ಎತ್ತಿದಳು. ಅಂದು ಸಂಜೆ ತೆರೆಯಲಿದ್ದ ವಿಡಿಯೋ ಗೇಮ್ ಪಾರ್ಲರಿನ ಬಾಗಿಲ ಮೇಲೆ ಕಬ್ಬಿಣದ ಅಕ್ಷರಗಳು ನಿಂತಿದ್ದವು. ಹಳೆಯ ಗೇಮುಗಳ ಪರದೆಯಲ್ಲಿ ಇರುತ್ತಿದ್ದಂಥ, ಬರೀ ಚೌಕಗಳಿಂದ ಕಟ್ಟಿದ ದಪ್ಪ ಅಕ್ಷರಗಳು. ದುಂಡಗಿನ ಅಕ್ಷರಗಳನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೂರಿಸುವುದಕ್ಕೆ ಅವಳು ಕಂಪ್ಯೂಟರಿನ ಮುಂದೆ ಕೂತು ಕಣ್ಣು ಹಾಳುಮಾಡಿಕೊಂಡಿದ್ದಳು. ಅಂಗಿಗಳ ಮೇಲೆ, ಪೋಸ್ಟರುಗಳ ಮೇಲೆ, ಚಿಪ್ಸ್ ಪೊಟ್ಟಣಗಳ ಮೇಲೆ ಅವು ಆಗಲೇ ಬಂದಿದ್ದವು. ಕಬ್ಬಿಣದಲ್ಲಿ ಇದೇ ಮೊದಲು. ಎದೆ ಉಬ್ಬಬೇಕಿತ್ತು. ಅದರ ಬದಲು ಅವಳ ಕಣ್ಣು ಚೌಕಗಳ ಮೂಲೆಗಳನ್ನೇ ಒಂದೊಂದಾಗಿ ನೋಡತೊಡಗಿತು.

ಅಕ್ಷರ ಬಳುಕುವ ಕಡೆ ಚೌಕಗಳು ಮೂಲೆಗೆ ಮೂಲೆ ಮಾತ್ರ ತಾಗುತ್ತಿದ್ದವು. ಪರದೆಯ ಮೇಲೆ ಅದೇ ಚೆಂದ. ಅಲ್ಲಿ ಚೌಕಕ್ಕೆ ಭಾರವೆಲ್ಲಿ? ಇಲ್ಲಿ ಒಂದೊಂದೂ ಒಳಗೆ ದೀಪವಿಟ್ಟ ಕಬ್ಬಿಣದ ಪೆಟ್ಟಿಗೆ. ಹಿಡಿದುಕೊಂಡಿದ್ದದ್ದು ಮೂಲೆಯಲ್ಲಿ ಬೆಸೆದ ಒಂದು ಚುಕ್ಕೆ.

ಬೋರ್ಡು ಮಾಡಿಸುವಾಗ ಪಾರ್ಲರಿನ ಮಾಲೀಕ ಫೋನಿನಲ್ಲಿ ಕೇಳಿದ್ದ. "ವೆಲ್ಡಿಂಗ್ ಮಾಡೋರು ಹೇಳ್ತಿದ್ದಾರೆ ಮೇಡಂ, ಹಿಂದೆ ಅಡ್ಡಕ್ಕೆ ಒಂದು ಪಟ್ಟಿ ಕೊಟ್ರೆ..." ಅವಳು ಪೂರ್ತಿ ಕೇಳಿಸಿಕೊಂಡಿರಲಿಲ್ಲ. "ನನ್ನ ಅಕ್ಷರಕ್ಕೆ ಒಂದು ಗೀರೂ ಸೇರಿಸೋ ಹಾಗಿಲ್ಲ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಅಕ್ಷರ ಬಿಡಿಸುವವರ ಜಂಬವೇ ಅಂಥದ್ದು. ಹೆತ್ತ ಮಗುವಿನ ಮೂಗು ತಿದ್ದಲು ಯಾರೋ ಬಂದಂತೆ ಆಡುತ್ತಾರೆ.

ಗಾಳಿ ಬೀಸಿತು. ಮೇಲೆ ಏನೋ ಕಿರ್ರೆಂದಿತು.

"ಹೊರಗೆ ಬಾರೇ," ಎಂದಳು ತಂಗಿಗೆ.

"ಹುಚ್ಚು ಹಿಡೀತಾ ನಿಂಗೆ? ಕ್ಯೂ ನೋಡು! ಮೊದಲನೇ ದಿನಾನೇ ಕೆಲಸ ಕಳ್ಕೊಳ್ಳಲಾ?"

ಅವಳು ಮಾಲೀಕನನ್ನು ಹುಡುಕಿಕೊಂಡು ರಸ್ತೆಯಾಚೆ ಹೋದಳು. ಅವನು ಫೋಟೋ ತೆಗೆಸುವ ಗಡಿಬಿಡಿಯಲ್ಲಿದ್ದ. "ಇವತ್ತೊಂದು ಸಂಜೆ ಕಳೀಲಿ ಮೇಡಂ, ನಾಳೆ ಪಟ್ಟಿ ಹಾಕಿಸೋಣ. ಬೇಡ ಅಂದೋರು ನೀವೇ ತಾನೇ?" ಎಂದು ನಕ್ಕು, ದೀಪ ಹಾಕುವಂತೆ ಕೈಬೀಸಿದ.

ಚೌಕಗಳೆಲ್ಲ ಒಮ್ಮೆಲೇ ಕೆಂಪಗೆ ಹೊತ್ತಿಕೊಂಡವು. ಜನ ಓ ಎಂದರು. ಮತ್ತೆ ಗಾಳಿ ಬಂತು. ಟಿಕೆಟ್ ಕಿಟಕಿಯ ನೇರ ಮೇಲಿದ್ದ ಕೊನೆಯ ಅಕ್ಷರದ ಕೆಳತುದಿಯ ಚೌಕವೊಂದು ಮೆಲ್ಲಗೆ ಅಲುಗಿತು.

"ಹಿಂದೆ ಹೋಗ್ರೋ! ಎಲ್ಲಾರೂ ಹಿಂದೆ ಹೋಗಿ!" ಎಂದು ಅರಚುತ್ತ ಅವಳು ಓಡಿದಳು.

ಕ್ಯೂನಲ್ಲಿದ್ದ ಮಕ್ಕಳಿಗೆ ಅದು ಕೇಳಿಸಲಿಲ್ಲ. "ಏ, ಬ್ಲಾಕ್ ಬೀಳತ್ತೆ ನೋಡ್ರೋ! ಗೇಮ್ ಥರಾನೇ ಮಾಡಿದ್ದಾರೆ!" ಎಂದು ಕುಣಿದರು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಚೌಕ ಒಂದೇ ಮೂಲೆಯಲ್ಲಿ ಜೋತು, ಚೂಪು ಕೆಳಗಾಗಿ, ಉರಿಯುತ್ತಲೇ ತೂಗತೊಡಗಿತು. ಇದೇನು ಗದ್ದಲವೆಂದು ತಂಗಿ ಟಿಕೆಟ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಗುತ್ತ ಮೇಲೆ ನೋಡಿದಳು.