ತುಂಬಿದ ಉಡಿ

ಬಂಡೆಮ್ಮನಿಗೆ ಹುಳಿ ಎಂದರೆ ಜೀವ. ಬಸಿರಾದ ಮೇಲಂತೂ ಊರ ಹುಣಸೆ ಮರಗಳನ್ನೆಲ್ಲ ಬೋಳು ಮಾಡಿಟ್ಟಳು ಎಂದು ಅತ್ತೆ ಅಯ್ಯಮ್ಮ ಕಂಡವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ನಗುವಿನ ಹಿಂದೆ ಹೆದರಿಕೆಯೇ ಹೆಚ್ಚಿತ್ತು. ಸೊಸೆಯ ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಅದಕ್ಕೇ ಈ ಸಲ ಉಡಿ ತುಂಬಿದ ದಿನ ಬಿಗಿಯಾಗಿ ಹೇಳಿದ್ದಳು: "ತುಂಬಿದ ಉಡಿ ಕೆಳಗ ಚೆಲ್ಲಬಾರದು ನೋಡು ಬೇ. ಏನರ ಆಗಲಿ, ಎರಡೂ ಕೈಲೆ ಹಿಡಕೋಬೇಕು."

ಅತ್ತೆಯ ಮಾತು ಮೀರುವ ಜಾತಿಯ ಹುಡುಗಿಯಲ್ಲ ಅವಳು.

ಎಂಬತ್ತೈದರ ಬೇಸಿಗೆ. ಬಂಡೆಮ್ಮನ ಗಂಡ ಕನಕರಾಯ ಮಾನ್ವಿ ಸಂತೆಗೆ ಹೋಗಿದ್ದ. ಕುರಿ ಹೊಡೆದುಕೊಂಡು ಅತ್ತೆ ಸೊಸೆ ಇಬ್ಬರೇ ಕೃಷ್ಣೆಯ ದಂಡೆಗೆ ಬಂದಿದ್ದರು. ಅಲ್ಲಿ ಹೊಸ ಕಾಲೋನಿಯೊಂದು ಎದ್ದಿತ್ತು. ಅದರ ಹೊಲಸು ನೀರೆಲ್ಲ ಹಿಂದಿನ ಹೊಂಡಗಳಲ್ಲಿ ನಿಂತು, ತಿಳಿಯಾಗಿ, ಆಮೇಲೆ ಹೊಳೆ ಸೇರುತ್ತಿತ್ತು. ಮೊದಲ ಹೊಂಡವನ್ನು ಚಳಿಗಾಲದಿಂದಲೇ ಒಣಗಲು ಬಿಟ್ಟಿದ್ದರು. ಬೇಲಿ ಒಂದು ಕಡೆ ಬಿದ್ದಿತ್ತು.

ಮಟಮಾರಿಯ ಎರೆಹೊಲದಲ್ಲಿ ಆಡಿ ಬೆಳೆದವಳು ಬಂಡೆಮ್ಮ. ಕರಿನೆಲ ಬಿರುಕು ಬಿಟ್ಟಿತೆಂದರೆ ಕಲ್ಲಿನಷ್ಟು ಗಟ್ಟಿ ಎಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಈ ನೆಲವೂ ಕಪ್ಪಗೆ, ಅಂಗೈಯಗಲ ಬಿರುಕು ಬಿಟ್ಟು ಬಿದ್ದಿತ್ತು. ನಡುವೆ ಯಾರೂ ಬಿತ್ತದ ಟೊಮೆಟೊ ಗಿಡಗಳು, ಮೈತುಂಬ ಕೆಂಪು ಹಣ್ಣು.

ತಪ್ಪಿಸಿಕೊಂಡ ಮರಿಯನ್ನು ಹಿಡಿದು ಅಯ್ಯಮ್ಮ ತಿರುಗಿದಾಗ ಸೊಸೆ ಆ ಗಿಡಗಳ ನಡುವೆ ಬಗ್ಗಿ ಉಡಿ ತುಂಬಿಕೊಳ್ಳುತ್ತಿದ್ದಳು. ತಿನ್ನಲಿ ಪಾಪ, ಎಂದುಕೊಂಡಳು. ಅಷ್ಟರಲ್ಲಿ ಕಂಡಿತು. ಗಾಳಿಯಿಲ್ಲ, ಗಿಡಗಳು ತೂಗಾಡುತ್ತಿವೆ. ನೆಲವೇ ತೂಗಾಡುತ್ತಿದೆ. ಬಂಡೆಮ್ಮ ಮೊಣಕಾಲವರೆಗೆ ಇಳಿದಳು, ಚೀರಿದಳು, ಸೊಂಟದವರೆಗೆ ಇಳಿದಳು.

ಹೊಂಡದ ಕಾವಲುಗಾರ ಹುಸೇನಪೀರ ಕೂಗುತ್ತ ಓಡಿಬಂದ. "ಅದು ನೆಲ ಅಲ್ಲವ್ವಾ! ಮ್ಯಾಲ ಹಕ್ಕಳಿ ಕಟ್ಟ್ಯದ, ಕೆಳಗ ಕಾಲೋನಿ ಸಂಡಾಸದ ರಾಡಿ! ಅಲುಗಾಡಬ್ಯಾಡ, ಹಗ್ಗ ತರ್ತೀನಿ!" ಬಂದ ಕಾಲಲ್ಲೇ ಹಿಂದಕ್ಕೆ ಓಡಿದ.

ಹಗ್ಗ ಬರುವವರೆಗೆ ಕಾಯುವುದು ಹೇಗೆ? ಅಯ್ಯಮ್ಮ ಹೆಗಲ ಕಂಬಳಿ ಬಿಚ್ಚಿ ನೆಲಕ್ಕೆ ಹಾಸಿದಳು. ಅದರ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಅದನ್ನೇ ಮುಂದೆ ಮುಂದೆ ಎಳೆದುಕೊಳ್ಳುತ್ತ ತೆವಳಿದಳು. ಕೆಳಗೆ ನೆಲ ಗುಳಗುಳ ಎನ್ನುತ್ತಿತ್ತು. ನಾತಕ್ಕೆ ಕಣ್ಣಲ್ಲಿ ನೀರು ಬಂತು. ತೋಳು ಚಾಚಿದರೆ ಸೊಸೆ ಸಿಗುವಷ್ಟು ಹತ್ತಿರ ಬಂದಳು.

"ಕೈ ಕೊಡು ಬೇ!"

ಬಂಡೆಮ್ಮ ಕೊಡಲಿಲ್ಲ. ಎರಡೂ ಕೈಯಲ್ಲಿ ಉಡಿಯನ್ನು ಎದೆಗೆ ಅವಚಿಕೊಂಡಿದ್ದಳು. ತುಟಿ ಬೆಳ್ಳಗಾಗಿತ್ತು.

"ಉಡಿ ತುಂಬ್ಯದ, ಯವ್ವಾ. ಚೆಲ್ಲಬಾರದಂತ ನೀನ ಹೇಳಿದ್ದಿ."

ರಾಡಿ ಅವಳ ಎದೆಗೆ ಬಂದಿತ್ತು. ಅಯ್ಯಮ್ಮನಿಗೆ ಈಗ ಆಡಲು ಉಳಿದದ್ದು ಒಂದೇ ಮಾತು. ಬಸುರಿ ಸೊಸೆಗೆ ಯಾವ ಅತ್ತೆಯೂ ಆಡಬಾರದ ಮಾತು ಅದು. ಆಡಿದರೆ ಕೂಸು ಹೋಗುತ್ತದೆ, ಆಡದಿದ್ದರೆ ಇಬ್ಬರೂ ಹೋಗುತ್ತಾರೆ. ಕಣ್ಣು ಮುಚ್ಚಿಕೊಂಡಳು.

"ಉಡಿ ಚೆಲ್ಲು!" ಎಂದು ಕಿರುಚಿದಳು. "ಚೆಲ್ಲಂತೀನಿ, ಚೆಲ್ಲು!"

ಹಣ್ಣು ಒಂದೊಂದಾಗಿ ರಾಡಿಗೆ ಬಿದ್ದವು. ತಣ್ಣನೆಯ ಕೈ ಅವಳ ಕೈಗೆ ಸಿಕ್ಕಿತು. ಅಯ್ಯಮ್ಮ ಬಿಡಲಿಲ್ಲ. ಹುಸೇನಪೀರನ ಹಗ್ಗ ಬಂದು ಇಬ್ಬರನ್ನೂ ದಡಕ್ಕೆಳೆಯುವವರೆಗೂ ಬಿಡಲಿಲ್ಲ.

ದಡದ ಮೇಲೆ ಕೂತು ಅಯ್ಯಮ್ಮ ಬುತ್ತಿಯ ರೊಟ್ಟಿ ಮುರಿದು, ಸೊಸೆಯ ಕೊಳಕು ಉಡಿಗೆ ತುಂಬಿದಳು. ಆಮೇಲೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಏನೂ ಇಲ್ಲ. ಕುರಿಗಳು ತಮ್ಮಷ್ಟಕ್ಕೆ ಮೇಯುತ್ತಿದ್ದವು. ಆಗಲೂ ಏನೂ ಇಲ್ಲ.

"ಒದ್ದಿತು, ಯವ್ವಾ," ಎಂದಳು ಬಂಡೆಮ್ಮ ಕೊನೆಗೆ, ಅಳುತ್ತ.

"ಇನ್ನೊಮ್ಮಿ ಒದೀಲಿ," ಎಂದಳು ಅಯ್ಯಮ್ಮ. ಕೈ ತೆಗೆಯುವ ಧೈರ್ಯ ಅವಳಿಗೆ ಬರಲಿಲ್ಲ.