ಮೆಟ್ಟು ತಿನ್ನುವ ಬೀದಿ

ಎಲ್ಲಿಯೋ ಒಂದು ಊರು, ಆ ಊರಲ್ಲೊಂದು ಬೀದಿ, ಆ ಬೀದಿಗೆ ತೀರದ ಹಸಿವು. ಅನ್ನ ಬೇಡ, ಮುದ್ದೆ ಬೇಡ; ನಮ್ಮ ಕೇರಿಯವರ ಕಾಲಿನ ಮೆಟ್ಟೇ ಬೇಕು. ಬೀದಿಯ ಬಾಯಲ್ಲಿ ಮೆಟ್ಟು ಕಳಚಿ ಕೈಗೆ ತಗೊಳ್ಳದವರನ್ನು ಕಾಲು ಸಮೇತ ನುಂಗುತ್ತಿತ್ತಂತೆ.

ಮಲ್ಲಿಗಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. “ಆಮೇಲೆ?” ಅಂದರೆ, “ಆಮೇಲಿಂದು ನಂಗೊತ್ತಿಲ್ಲ ಕಣವ್ವ. ನೀನೇ ನಡೆದು ನೋಡ್ಕೊಂಬಾ.”

ನಾನು ಹಾಸನದ ಹಾಸ್ಟೆಲ್ಲಿಗೆ ಹೊರಟ ದಿನ ಗುಂಡಯ್ಯತಾತ ಒಂದು ಜೊತೆ ಮೆಟ್ಟು ಹೊಲಿದು ಕೊಟ್ಟ. ಕಿರ್ರ್ ಕಿರ್ರ್ ಅನ್ನುವ ಮೆಟ್ಟು. ಅಂಥದ್ದನ್ನು ಅವನು ಪಟೇಲ ನಂಜಪ್ಪನವರಿಗೆ ಮಾತ್ರ ಹೊಲಿದಿದ್ದ. “ಇದ್ನ ಮೆಟ್ಕೊಂಡು ಒಂದ್ಸಲ ಆ ಬೀದಿ ದಾಟ್ತೀನಂತ ಮಾತು ಕೊಡು,” ಅಂದಳು ಅಜ್ಜಿ. ಕೊಟ್ಟೆ. ಆ ಮಳೆಗಾಲದಲ್ಲೇ ತಾತ ತೀರಿಹೋದ. ಎರಡು ವರ್ಷ ಊರಿಗೆ ಬಂದಾಗಲೆಲ್ಲ ನಾನು ಆ ಗೌಡರ ಬೀದಿ ತಪ್ಪಿಸಿ, ಹೊಲದ ಬದುವಿನ ಮೇಲೆ ಸುತ್ತಿ ಕೇರಿ ಸೇರುತ್ತಿದ್ದೆ.

ಐವತ್ತೊಂಬತ್ತನೇ ಇಸವಿಯ ಶಿವರಾತ್ರಿಯ ಮಾರನೇ ದಿನ ರಜೆ. ಇಂಗ್ಲೆಂಡಿನಿಂದ ಬಂದಿದ್ದ ನಮ್ಮ ಟೀಚರ್ ಮಿಸ್ ಹ್ಯಾರಿಯೆಟ್ ಹನ್ನೆರಡು ಹುಡುಗಿಯರನ್ನು ನಮ್ಮೂರ ಕಡೆಯ ದುದ್ದದ ಬಸ್ಸು ಹತ್ತಿಸಿದರು. ನಮ್ಮೂರ ಹಿಂದಿನ ಗುಡ್ಡ ಹತ್ತಿ, ಬುತ್ತಿ ಉಂಡು, ಸಂಜೆಗೆ ವಾಪಸ್ಸು. ಗುಡ್ಡಕ್ಕೆ ದಾರಿ ಆ ಬೀದಿಯ ಮೇಲೇ.

ಬೀದಿಯ ಬಾಯಿಗೆ ಬಂದದ್ದೇ, ನನ್ನನ್ನು ಕೇಳದೆ ನನ್ನ ಕೈ ಮೆಟ್ಟು ಕಳಚಿತು. ಮಿಸ್ ನೋಡಿದರು. ಊರಿನ ರೂಢಿ ಇರಬೇಕು ಅಂದುಕೊಂಡು ತಾವೂ ಬೂಟು, ಕಾಲುಚೀಲ ಬಿಚ್ಚಿ ಕೈಯಲ್ಲಿ ಹಿಡಿದರು. ಮಿಸ್ಸೇ ಬಿಚ್ಚಿದ ಮೇಲೆ ಹುಡುಗಿಯರೂ ಕಿಸಿಕಿಸಿ ನಗುತ್ತಾ ಬಿಚ್ಚಿದರು. ಕಾದ ಧೂಳಲ್ಲಿ ಮಿಸ್ಸಿನ ಬಿಳಿ ಪಾದ ಕುಣಿಯಿತು.

“ಬೆಟ್ಟಮ್ಮಾ, ಈ ಬೀದಿಯಲ್ಲಿ ಯಾವ ದೇವರು ಇದ್ದಾರೆ?” ಪುಸ್ತಕದ ಕನ್ನಡದಲ್ಲಿ ಕೇಳಿದರು.

“ದೇವ್ರಿಲ್ಲ ಮಿಸ್.”

“ಹಾಗಾದರೆ ಈ ಮರ್ಯಾದೆ ಯಾರಿಗೆ?”

ನಾನು ಬಾಯಿ ಬಿಡುವ ಮೊದಲೇ ಜಗಲಿಯಿಂದ ನಂಜಪ್ಪನವರು ನಕ್ಕರು. “ನೋಡ್ರಪ್ಪಾ, ದೊರೆಸಾನಿನೂ ಮೆಟ್ಟು ಕೈಲಿ ಇಡ್ಕಂಡವ್ಳೆ! ನೀನು ಗುಂಡಯ್ಯನ ಮೊಮ್ಮಗಳಲ್ವೇನಮ್ಮಿ? ಆಸನಕ್ಕೋಗಿ ಓದುದ್ರೂವೆ ರೀತಿ ಮರ್ತಿಲ್ಲ. ಭೇಷ್!”

ಬೈದಿದ್ದರೆ ತಲೆ ತಗ್ಗಿಸಿ ಹೋಗಿಬಿಡುತ್ತಿದ್ದೆನೇನೋ. ಆ ಭೇಷ್ ಗಂಟಲಲ್ಲಿ ಇಳಿಯಲಿಲ್ಲ. ಮೆಟ್ಟನ್ನು ನೆಲಕ್ಕೆ ಹಾಕಿ ಕಾಲು ತೂರಿಸಿದೆ.

“ಈಗ ಮರ್ತೆ ಗೌಡ್ರೇ.”

“ಏಯ್! ಬಿಡಮ್ಮಿ ಅದ್ನ!”

“ನಿಮ್ಮ ಕಾಲಲ್ಲಿರೋದೂ ನಮ್ತಾತ ಹೊಲಿದದ್ದೇ. ಎರಡ್ರದ್ದೂ ಒಂದೇ ರಾಗ, ಕೇಳಿ.”

ಕಿರ್ರ್. ಕಿರ್ರ್. ನಡುಬೀದಿಯಲ್ಲೇ ನಡೆದೆ. ನಂಜಪ್ಪನವರು ಜಗಲಿ ಇಳಿದು ಅಡ್ಡ ನಿಂತರು; ಸೆರಗು ತಾಗುವಷ್ಟು ಹತ್ತಿರದಲ್ಲೇ ಹಾದುಹೋದೆ. ಹಿಂದೆ ಮಿಸ್ ಬೂಟು ಏರಿಸಿದರು. ಹುಡುಗಿಯರೂ ಒಬ್ಬೊಬ್ಬರೇ ಮೆಟ್ಟಿಕೊಂಡರು. ಬೀದಿಗೆ ಹಲ್ಲೇ ಇರಲಿಲ್ಲ.

ಕೊನೆಯ ಮನೆಯಾಚೆ ಹುಣಸೇಮರದಡಿ ಅಜ್ಜಿ ಹಣ್ಣು ಕುಟ್ಟುತ್ತಾ ಕೂತಿದ್ದಳು. ಕಿರ್ರ್ ಅನ್ನುವ ಸದ್ದು ಕಿವಿಗೆ ಬಿದ್ದದ್ದೇ, ಪಟೇಲರು ಬಂದರೆಂದು ಗಡಬಡಿಸಿ ಎದ್ದು ಸೆರಗು ಹೊದ್ದು ನಿಂತಳು.

“ನಾನು ಕಣಜ್ಜಿ. ಕೂತ್ಕೋ,” ಅಂದೆ. ಮೆಟ್ಟು ಮೆಟ್ಟಿದ ಎರಡೂ ಕಾಲನ್ನು ಬೀದಿ ಮುಗಿಯುವ ಗಡಿಕಲ್ಲಿನಾಚೆ ಇಟ್ಟೆ.