ಬೇಕರಿಯಮ್ಮನ ತೆರೆದ ಬಾಗಿಲು

ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ? ಬೇಕರಿಯಮ್ಮನೂ ಮೊದಮೊದಲು ಉಬ್ಬಿದ್ದಳು, ಒಲೆಗಿಟ್ಟ ಬನ್ನಿನ ಹಾಗೆ. ಈಗ ಯಾರಾದರೂ ಹೊಗಳಲು ಬಾಯಿ ತೆರೆದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ಇದೆಲ್ಲ ಶುರುವಾದದ್ದು ಅತ್ತೆಯಿಂದ. ಶೌಚಾಲಯವೇ ಇಲ್ಲದ ಬಸ್ ನಿಲ್ದಾಣದ ಎದುರಿಗೇ ಇವರ ಬೇಕರಿ. ಅದರ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ, ಒಂದೇ ಒಂದು ಶೌಚಾಲಯ. ಗಂಡ ತೀರಿಕೊಂಡ ಮೇಲೆ ಅಲ್ಲಿ ಅತ್ತೆ ಸೊಸೆ ಇಬ್ಬರೇ. ಒಂದು ಮಧ್ಯಾಹ್ನ ಇಸ್ತ್ರಿ ಅಂಗಿಯ ಗಂಡಸೊಬ್ಬರು ಕೌಂಟರಿನ ಮುಂದೆ ಕಾಲು ಬದಲಿಸುತ್ತ ನಿಂತಿದ್ದರು. ಏನು ಬೇಕೆಂದು ಕೇಳಿದರೆ ಬಾಯಿ ಬಿಡಲೊಲ್ಲರು. ಮಕ್ಕಳನ್ನು ಹೆತ್ತು ಸಾಕಿದ ಅತ್ತೆಗೆ ಅದನ್ನು ಬಿಡಿಸಿ ಹೇಳಬೇಕೆ? "ಒಳಗೆ ಹೋಗಪ್ಪಾ, ಬಲಗಡೆ ಬಾಗಿಲು," ಎಂದರು. ಸ್ವಲ್ಪ ಹೊತ್ತಿನ ಮೇಲೆ ಹೊರಬಂದ ಮನುಷ್ಯನ ಮುಖ ಕಳೆಕಳೆಯಾಗಿತ್ತು. ನೋಡಿದರೆ ಅವರು ನಗರಸಭೆಗೆ ಹೊಸದಾಗಿ ಬಂದ ಆಯುಕ್ತರು.

ಒಳ್ಳೆಯ ಅಧಿಕಾರಿ, ಸುಳ್ಳೇಕೆ ಹೇಳಬೇಕು. ತನಗಾದ ಪಾಡು ಊರಿಗೆಲ್ಲ ಆಗುತ್ತಿದೆಯಲ್ಲ ಎಂದು ಯೋಚಿಸುವ ಅಧಿಕಾರಿ ಎಷ್ಟು ಜನ ಸಿಗುತ್ತಾರೆ? ಕೆಲವೇ ದಿನಗಳಲ್ಲಿ ಯೋಜನೆ ಬಂತು. ಅಂಗಡಿಯವರು ತಮ್ಮ ಶೌಚಾಲಯವನ್ನು ದಾರಿಹೋಕರಿಗೂ ಬಿಟ್ಟುಕೊಟ್ಟರೆ ನಗರಸಭೆ ನೀರಿನ ಶುಲ್ಕ ಬಿಡುತ್ತದೆ, ತೊಳೆಯುವವರನ್ನೂ ಕಳಿಸುತ್ತದೆ. ಕೊಂಕು ತೆಗೆಯೋಣವೆಂದರೆ ಕೊಂಕಿಲ್ಲ. ಪತ್ರಿಕೆಗಳು ಆಯುಕ್ತರನ್ನು ಹೊಗಳಿದವು, ಆಯುಕ್ತರು ಬೇಕರಿಯಮ್ಮನನ್ನು ಹೊಗಳಿದರು. ಬೇಕರಿಯ ಗೋಡೆಗೆ ಊರಿನ ಮೊದಲ ಹಸಿರು ಬೋರ್ಡು ಬಿತ್ತು: 'ಈ ಬಾಗಿಲು ಎಲ್ಲರಿಗೂ ತೆರೆದಿದೆ.'

ಉಳಿದ ಅಂಗಡಿಯವರು ಪಕ್ಕಾ ಆಸಾಮಿಗಳು. ಅವರೂ ಬೋರ್ಡು ಹಾಕಿಸಿಕೊಂಡರು, ಆಮೇಲೆ 'ರಿಪೇರಿ ನಡೆಯುತ್ತಿದೆ' ಎಂದು ಚೀಟಿ ಅಂಟಿಸಿ ಬೀಗ ಜಡಿದರು. ಯಾರೂ ಕೇಳಲಿಲ್ಲ. ಅವರನ್ನು ಯಾರೂ ಹೊಗಳಿರಲಿಲ್ಲವಲ್ಲ. ಬೇಕರಿಯಮ್ಮನನ್ನಾದರೋ ಊರೆಲ್ಲ ಸೇರಿ ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆದುಬಿಟ್ಟಿತ್ತು. ಹೀಗಾಗಿ ಇಡೀ ಬಸ್ ನಿಲ್ದಾಣಕ್ಕೆ ಉಳಿದದ್ದು ಅವಳ ಮನೆಯ ಬಾಗಿಲೊಂದೇ.

ಅತ್ತೆಗೆ ಮಂಡಿನೋವು. ಮಂಚದಿಂದೆದ್ದು ಗೋಡೆ ಹಿಡಿದು ಬರುವಷ್ಟರಲ್ಲಿ ಒಳಗೊಬ್ಬರು, ಹೊರಗೆ ನಾಲ್ವರು. "ನನಗೇನೂ ಅವಸರವಿಲ್ಲ, ನೀವು ಹೋಗಿ ತಾಯಿ," ಎಂದು ಅವರು ಎಲ್ಲರಿಗೂ ದಾರಿ ಬಿಡುತ್ತಿದ್ದರು. ಒಂದು ದಿನ ಅವಸರವಿತ್ತು. ಬೇಕರಿಯಮ್ಮ ಒಳಗೆ ಬಂದಾಗ ಅತ್ತೆ ಅಪರಿಚಿತರ ನಡುವೆ ಒದ್ದೆ ಬಟ್ಟೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ಸೊಸೆ ನೆಲ ಒರೆಸಿದಳು. ಬೋರ್ಡು ಇಳಿಯಲೇಬೇಕು ಎಂದುಕೊಂಡಳು.

ಅದನ್ನೇ ಹೇಳಲು ನಗರಸಭೆಗೆ ಹೋದರೆ ಆಯುಕ್ತರು ಕುರ್ಚಿಯಿಂದೆದ್ದು ಬಂದರು.

"ಬನ್ನಿ ಬನ್ನಿ, ನಾನೇ ಹೇಳಿ ಕಳಿಸೋಣ ಅಂತಿದ್ದೆ. ಶುಕ್ರವಾರ ಸಮಾರಂಭ ಇಟ್ಕೊಂಡಿದೀವಿ. ಮೊದಲ ಪ್ರಶಸ್ತಿ ನಿಮಗೇ."

"ಅದಲ್ಲ ಸಾರ್, ಮನೇಲಿ ನಮ್ಮತ್ತೆಗೆ..."

"ಅವರನ್ನೂ ಕರ್ಕೊಂಡು ಬನ್ನಿ, ಮುಂದಿನ ಸಾಲಲ್ಲೇ ಕೂರಿಸೋಣ."

ಬೇಕರಿಯಮ್ಮ ಕೈ ಮುಗಿದು ಹೊರಬಂದಳು. ಆಗಲಿ, ಸಭೆಯಲ್ಲಿ ಮೈಕು ಕೊಡುತ್ತಾರಲ್ಲ, ಹತ್ತು ಜನರ ಎದುರಿಗೇ ಹೇಳಿಬಿಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಮನೆಗೆ ಬಂದಳು.

ಶುಕ್ರವಾರ ಅತ್ತೆ ಬರಲೊಪ್ಪಲಿಲ್ಲ. ಅಲ್ಲಿ ಶೌಚಾಲಯ ಎಲ್ಲಿದೆಯೋ ಏನೋ ಎಂದರು. ವೇದಿಕೆಯ ಮೇಲೆ ಬೇಕರಿಯಮ್ಮನಿಗಿಂತ ಮೊದಲು ಮೈಕು ಹಿಡಿದವಳು ಒಬ್ಬಳು ಬಸ್ ಕಂಡಕ್ಟರ್. ಭಾಷಣ ಗೊತ್ತಿಲ್ಲದವಳು, ನೆಲ ನೋಡಿಕೊಂಡೇ ಮಾತಾಡಿದಳು.

"ಡ್ಯೂಟಿ ಇದ್ದ ದಿನ ನಾನು ನೀರೇ ಕುಡೀತಿರಲಿಲ್ಲ. ಕುಡಿದ್ರೆ ಎಲ್ಲಿಗೆ ಹೋಗೋದು? ಉರಿಮೂತ್ರ ಆಗಿ ಆಸ್ಪತ್ರೆಗೂ ಸೇರಿದ್ದೆ. ಈಗ ಈ ಅಕ್ಕನ ಮನೆ ಇದೆ ಅಂತ ಧೈರ್ಯವಾಗಿ ಕುಡೀತೀನಿ."

ಹಾಳಾದ್ದು, ಅವಳು ಸುಳ್ಳನ್ನಾದರೂ ಹೇಳಬಾರದಿತ್ತೆ? ಬೇಕರಿಯಮ್ಮ ಮೈಕಿನ ಮುಂದೆ ನಿಂತು ಎಲ್ಲರಿಗೂ ಥ್ಯಾಂಕ್ಸ್ ಎಂದಳು. ಚಪ್ಪಾಳೆ ಬಿತ್ತು. ಕೆಳಗಿಳಿಯುವಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಯಲ್ಲಿ ಅತ್ತೆಯ ತುಟಿ ಒಣಗಿ ಬಿರಿದಿತ್ತು. ಬೆಳಗ್ಗೆ ತುಂಬಿಸಿಟ್ಟ ನೀರಿನ ಲೋಟ ತುಂಬಿದಂತೆಯೇ ಇತ್ತು.

"ಯಾಕತ್ತೆ ಕುಡಿದಿಲ್ಲ?"

"ಕುಡಿದ್ರೆ ಏಳ್ಬೇಕಲ್ಲೇ."

ಬೇಕರಿಯಮ್ಮನಿಗೆ ಅಳು ನುಗ್ಗಿ ಬಂತು. "ಈಗ ಹೋಗ್ಬೇಕಾ?" ಎಂದಳು. ಅತ್ತೆ ಮಗುವಿನಂತೆ ತಲೆಯಾಡಿಸಿದರು. ಅವರ ತೋಳು ಹಿಡಿದು, ನಿಂತಿದ್ದವರನ್ನೆಲ್ಲ ಸರಿಸಿ, ಒಳಗೆ ಬಿಟ್ಟಳು. ಜನ ಎಳೆದೆಳೆದು ಚಿಲಕ ಕಿತ್ತುಬಂದಿತ್ತು. ಬಾಗಿಲು ತಾನಾಗಿ ತೆರೆದುಕೊಳ್ಳದಂತೆ ಹೊರಗಿನಿಂದ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ನಿಂತಳು.

ಆಗಲೇ ಆಯುಕ್ತರು ಫೋಟೋದವನೊಂದಿಗೆ ಒಳಗೆ ಬಂದರು, ಕೈಯಲ್ಲಿ ಅವಳು ವೇದಿಕೆಯಲ್ಲೇ ಬಿಟ್ಟುಬಂದಿದ್ದ ಹೊಳೆಯುವ ಪ್ರಶಸ್ತಿ ಫಲಕ. "ಸ್ಟೇಜ್ ಮೇಲೆ ಫೋಟೋ ಸರಿಯಾಗಿ ಬರಲಿಲ್ಲಮ್ಮ. ಇಲ್ಲೇ, ಈ ಬಾಗಿಲ ಹತ್ರಾನೇ ತೆಗೆಯೋಣ. ಎರಡೂ ಕೈಲಿ ಹಿಡ್ಕೊಳ್ಳಿ."

"ಈಗ ಆಗಲ್ಲ ಸಾರ್."

"ಒಂದೇ ಒಂದು ಫೋಟೋ."

"ಆಗಲ್ಲ ಅಂದ್ನಲ್ಲ ಸಾರ್. ಕೈ ಬಿಡಲ್ಲ ನಾನು."

"ನೋಡಿದ್ರಾ, ಪ್ರಶಸ್ತಿ ಕೊಟ್ರೂ ಕೆಲಸದಿಂದ ಕೈ ತೆಗೆಯಲ್ಲ," ಎಂದು ಆಯುಕ್ತರು ಸಾಲಿನವರತ್ತ ತಿರುಗಿದರು. ಅವರ ದನಿಯಲ್ಲಿ ನಿಜವಾದ ಗೌರವವಿತ್ತು. ಸಾಲಿನವರು ಚಪ್ಪಾಳೆ ತಟ್ಟಿದರು, ಫ್ಲ್ಯಾಶ್ ಮಿಂಚಿತು. ಬಾಗಿಲ ಒಳಗಿನಿಂದ ಒಂದು ಸಣ್ಣ ಸದ್ದೂ ಬರಲಿಲ್ಲ.

ಮರುದಿನ ಪತ್ರಿಕೆಯಲ್ಲಿ ಫೋಟೋ ದೊಡ್ಡದಾಗಿಯೇ ಬಂತು. ಬೇಕರಿಯಮ್ಮನ ಕೈ ಹಿಡಿಕೆಯ ಮೇಲಿತ್ತು. ಕೆಳಗೆ ಬರೆದಿದ್ದರು: 'ಸಾರ್ವಜನಿಕರಿಗಾಗಿ ಮನೆಯ ಬಾಗಿಲು ತೆರೆಯುತ್ತಿರುವ ಬೇಕರಿ ಮಾಲೀಕರು.'

ಅತ್ತೆ ಕನ್ನಡಕ ಹಾಕಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು.

"ಒಳಗೆ ನಾನಿದ್ದೆ ಅಂತ ಗೊತ್ತಾಗಲ್ಲ ಅಲ್ವೇನೇ?"

"ಇಲ್ಲ ಅತ್ತೆ, ಗೊತ್ತಾಗಲ್ಲ."

"ಸದ್ಯ," ಎಂದು ಅತ್ತೆ ತುಂಬಿದ್ದ ನೀರಿನ ಲೋಟವನ್ನು ಅತ್ತ ಸರಿಸಿದರು.